ಬಹದ್ದೂರ್ ಬಿದ್ದಿದ್ದಾನೆ

ರೆಪ್ಪೆ ಅಲುಗಿತು, ನಾನು ನೋಡಿದೆ, ಬೇರೆ ಯಾರೂ ನೋಡಲಿಲ್ಲ, ಸತ್ತು ಬಿದ್ದ ಕುದುರೆಯ ರೆಪ್ಪೆ ಎಲ್ಲಾದರೂ ಅಲುಗುತ್ತದೆಯೇ — ಒಂದೇ ಒಂದು ಸಲ, ಎಡಗಣ್ಣು, ನೊಣ ಓಡಿಸಿದ ಹಾಗಲ್ಲ, ಕಳ್ಳನಿದ್ದೆ ಮಾಡುವ ಮಗು ಅವ್ವ ಇದ್ದಾಳೋ ಹೋದಳೋ ಎಂದು ನೋಡುವ ಹಾಗೆ, ಅಷ್ಟೇ ತೆರೆದು ಅಷ್ಟೇ ಮುಚ್ಚಿತು. ಮಂಡಿಪೇಟೆಯ ನಟ್ಟನಡು ರಸ್ತೆ, ಮಟಮಟ ಮಧ್ಯಾಹ್ನ, ಅರಳೆ ಹೇರಿಕೊಂಡು ಬಂದ ಲಾರಿಯ ಟೈರು ಢಮ್ ಎಂದು ಸಿಡಿದದ್ದೇ ತಡ, ಎದುರಿಗೆ ಜಟಕಾ ಎಳೆದುಕೊಂಡು ಬರುತ್ತಿದ್ದ ಈ ಬಿಳಿ ಕುದುರೆ ಗಕ್ಕನೆ ನಿಂತು, ಮಂಡಿಯೂರಿ, ಮೆಲ್ಲಗೆ ಬಲಮಗ್ಗುಲಿಗೆ ಒರಗಿ ಮಲಗಿಬಿಟ್ಟಿತು. ಗಾಬರಿಯಾದ ಕುದುರೆ ಓಡುತ್ತದೆ, ಇಲ್ಲ ಎಗರುತ್ತದೆ, ಹೀಗೆ ನಾಟಕದ ರಾಜನ ಹಾಗೆ ಜಾಗ ನೋಡಿಕೊಂಡು ಬೀಳುತ್ತದೆಯೇ — ಇಷ್ಟು ಜನರಲ್ಲಿ ಒಬ್ಬನಿಗಾದರೂ ಈ ಪ್ರಶ್ನೆ ಹೊಳೆಯಬಾರದೇ, ಇಲ್ಲ, ಎಲ್ಲರಿಗೂ ಬಾಯಿ ಇದೆ, ಕಣ್ಣು ಮಾತ್ರ ಇಲ್ಲ. ಹೋತು, ಹೋತು, ಎದಿ ಒಡದು ಹೋತು ಎನ್ನುತ್ತಾನೆ ಒಬ್ಬ. ಮಿರ್ಗಿ, ಮೂರ್ಛೆರೋಗ ಕಣ್ರೀ, ಮೂಗಿಗೆ ಕೆರ ಹಿಡೀರಿ ಎನ್ನುತ್ತಾನೆ ಇನ್ನೊಬ್ಬ, ಹಿಡಿದೇ ಬಿಟ್ಟ, ತನ್ನ ಕಾಲಿನದನ್ನೇ ತೆಗೆದು ಕುದುರೆಯ ಮೂಗಿಗೆ, ಥೂ, ಅದು ಸಾಯದೆ ಇದ್ದರೂ ಸತ್ತೀತು. ಜಟಕಾದವನು ಹಿದಾಯತ್ ಅಂತೆ, ಯಾರೋ ಹೆಸರು ಹಿಡಿದು ಕೂಗಿದರು, ಗಾಡಿ ಬಿಚ್ಚಿ ಪಕ್ಕಕ್ಕೆ ತಳ್ಳಿ, ಕುದುರೆಯ ಮುಖ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಮೋತೀ ಮೋತೀ ಎಂದು ಮಗು ಅತ್ತ ಹಾಗೆ ಅಳುತ್ತಿದ್ದಾನೆ. ಅತ್ತೆ ನನ್ನ ರಟ್ಟೆ ಹಿಡಿದುಕೊಂಡಿದ್ದಾರೆ. ನಡಿಯೇ ಅಂಜಿನಿ, ಊರ ಉಸಾಬರಿ ನಮಗ್ಯಾಕ, ಮನೀಗೆ ಹೋಗಿ ಇನ್ನೂ ಮೆಣಸಿನಕಾಯಿ ಆರಿಸಬೇಕು. ಅಜ್ಜಿಗೆ ಅರಿವೆ ಚಿಂತೆ. ನಡೆದೆ ಅತ್ತೆ, ಬಂದೆ, ಒಂದು ನಿಮಿಷ, ಇದರ ಹೆಸರು ಮೋತಿ ಅಲ್ಲ.

ಕಿವಿ ನೋಡಿದೆ. ಎಡಗಿವಿಯ ತುದಿಯಲ್ಲಿ ಕಚ್ಚು, ಸರ್ಕಸ್ ಕಂಪನಿಯ ಮಂಗ ಕಚ್ಚಿ ಹರಿದದ್ದು, ಆ ಮಂಗ ಸೈಕಲ್ ಹೊಡೆಯುತ್ತಿತ್ತು, ಬಹದ್ದೂರನಿಗೆ ಸಿಗುವ ಬೆಲ್ಲ ಕಂಡರೆ ಅದಕ್ಕೆ ಹೊಟ್ಟೆಕಿಚ್ಚು. ಅವನು ಆಗ ಬೂದು ಬಣ್ಣ, ಮೈತುಂಬ ಚುಕ್ಕೆ, ಮೋಡ ಕವಿದ ಆಕಾಶದಂಥ ಕುದುರೆ. ಬೂದುಗುದುರೆಗೆ ವಯಸ್ಸಾದರೆ ಬಿಳಿಯಾಗುತ್ತದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಇಷ್ಟು ವರ್ಷ ಬೂದು ಕುದುರೆಯನ್ನೇ ಹುಡುಕಿದೆನಲ್ಲ, ದಡ್ಡಿ. ಕಂಪನಿ ಮುಚ್ಚಿತು, ಸಾಮಾನು ಪ್ರಾಣಿ ಎಲ್ಲ ಹರಿಹರದಲ್ಲೇ ಮಾರಿಹೋದವು, ಕುದುರೆಗಳನ್ನು ಜಟಕಾದವರು ಹಂಚಿಕೊಂಡರು — ಹೀಗಂತ ಗಂಡ ತೋಟಪ್ಪ ಒಂದು ಸಂಜೆ ಮಿಲ್ಲಿನಿಂದ ಬಂದವರು ಕೈಕಾಲು ತೊಳೆಯುತ್ತ ಹೇಳಿದರು, ಅತ್ತೆಗೆ ಕೇಳದ ಹಾಗೆ, ಮೆಲ್ಲಗೆ. ಅಂದಿನಿಂದ ಶುರುವಾಯಿತು. ಕೆ.ಬಿ. ಬಡಾವಣೆಯ ನಮ್ಮ ಮನೆಯ ಮುಂದೆ ಗೊರಸಿನ ಸದ್ದು ಬಂದರೆ ಸಾರು ಉಕ್ಕಿದರೂ ಸೈ, ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಸ್ಟೇಷನ್ನಿನ ಹತ್ತಿರ ಜಟಕಾಗಳು ಸಾಲಾಗಿ ನಿಲ್ಲುತ್ತವೆ, ಅಲ್ಲಿ ಹಾದುಹೋಗಲೆಂದೇ ಸುಳ್ಳುಸುಳ್ಳೇ ಕೆಲಸ ಹುಡುಕಿಕೊಂಡು ಹೊರಡುತ್ತಿದ್ದೆ, ಒಂದೊಂದು ಬೂದುಗುದುರೆಯ ಮುಖವನ್ನೂ, ಕಣ್ಣಿಗೆ ಕಟ್ಟಿದ ಪಟ್ಟಿಯ ಕೆಳಗಿನಿಂದ ಬಗ್ಗಿ ಬಗ್ಗಿ. ನಿನ್ನ ಸೊಸಿ ಕುದುರಿ ಕೊಳ್ತಾಳೇನವ್ವಾ ಎಂದು ಪಕ್ಕದ ಮನೆಯ ಸರ್ವಮಂಗಳಮ್ಮ ನಕ್ಕಿದ್ದರು. ಅತ್ತೆ ನಗಲಿಲ್ಲ. ಮಕ್ಕಳೋ, ಅವಕ್ಕೆ ಏನೂ ಗೊತ್ತಿಲ್ಲ, ಅವ್ವನಿಗೆ ಕುದುರೆ ಅಂದರೆ ಹೆದರಿಕೆ, ಅದಕ್ಕೇ ನೋಡ್ತಾಳೆ ಎಂದು ಅವೇ ಒಂದು ಕಾರಣ ಕಟ್ಟಿಕೊಂಡಿವೆ. ಹೆದರಿಕೆಯಂತೆ! ಓಡುವ ಕುದುರೆಯ ಬರಿಬೆನ್ನ ಮೇಲೆ ಎರಡು ಕಾಲೂರಿ ನಿಲ್ಲುತ್ತಿದ್ದವಳು ಕಣ್ರೋ ನಿಮ್ಮವ್ವ, ಅಂಗಾಲಿಗೆ ರಾಳದ ಪುಡಿ ತಿಕ್ಕಿಕೊಂಡು, ಕುದುರೆಯ ಬೆನ್ನಿಗೂ ತಿಕ್ಕಿ, ಜಾರದ ಹಾಗೆ — ಈಗಲೂ ಅಂಗಡಿಬೀದಿಯಲ್ಲಿ ಎಲ್ಲಾದರೂ ರಾಳದ ವಾಸನೆ ಬಂದರೆ ನನ್ನ ಕಾಲ ಬೆರಳು ತಾವಾಗಿ ಅಗಲವಾಗುತ್ತವೆ, ನೆಲ ಹಿಡಿಯುತ್ತವೆ, ಕೆಳಗೆ ಒಂದು ಬೆಚ್ಚನೆಯ ಬೆನ್ನು ಏರಿ ಇಳಿದ ಹಾಗೆ. ಸುಖ ಇಲ್ಲ ಅಂತಲ್ಲ. ಗಂಡ ಒಳ್ಳೆಯವರು, ಅನ್ನ ಬಟ್ಟೆಗೆ ಕೊರತೆಯಿಲ್ಲ. ಆದರೂ ಬೇಕು ಅನಿಸುತ್ತದೆ, ಏನು ಮಾಡಲಿ, ಬೇಕು ಅನಿಸುತ್ತದೆ.

ಮಸ್ತಾನಸಾಬ್ ಹೇಳುತ್ತಿದ್ದರು, ಕುದುರೆಗಳ ಉಸ್ತಾದ್, ತಂದೆತಾಯಿ ಇಲ್ಲದ ನನಗೆ ಅವರೇ ಎರಡೂ — ಸರ್ಕಸ್ ಅಂದ್ರ ಏನಂತ ತಿಳ್ಕೊಂಡೀ ಮಗಾ, ಸರ್ಕಸ್ ಅಂದ್ರ ಕುದುರೆ. ವಿಲಾಯತಿಯಾಗ ಒಬ್ಬ ಸವಾರ ಕುದುರೆನ ಗುಂಡಕ ಓಡಿಸಿದ, ಗುಂಡಕ ಓಡಿದ್ರ ಬೆನ್ನ ಮ್ಯಾಲೆ ನಿಲ್ಲಾಕ ಬರ್ತದೆ ಅಂತ ಕಂಡ್ಕೊಂಡ, ಅದಕ್ಕೇ ರಿಂಗು ಗುಂಡಗೈತೆ. ಹುಲಿ, ಆನೆ, ಜೋಕರ್, ಜೋಕಾಲಿ ಹುಡುಗೇರು, ಎಲ್ಲಾ ಆಮ್ಯಾಲೆ ಬಂದ ನೆಂಟರು. ಮನೀ ಮಾಲೀಕ ಕುದುರೆ. ಅವರು ಮರಾಠಿ ಮಾಲೀಕರ ಕಂಪನಿಗಳಲ್ಲಿ ಬೆಳೆದವರು, ಎತ್ತಿನಗಾಡಿಯ ಮೇಲೆ ಡೇರೆ ಹೇರಿಕೊಂಡು ಊರೂರು ತಿರುಗಿದ ಕಾಲದವರು, ಆಮೇಲೆ ರೈಲು, ಕುದುರೆಗೆ ಬೇರೆ ಡಬ್ಬಿ, ತಲಚೇರಿಯಿಂದ ಕಸರತ್ತು ಕಲಿತ ಹುಡುಗ ಹುಡುಗಿಯರು, ಕರೆಂಟಿನ ದೀಪ. ದೀಪ ಬಂದ ಮೇಲೆ ಕುದುರೆಯ ಮರ್ಯಾದೆ ಹೋಯಿತು, ಜನರಿಗೆ ಮೇಲೆ ಜೋಕಾಲಿ ನೋಡುವ ಚಟ ಹಿಡಿಯಿತು ಎಂದು ಬೈಯುತ್ತಿದ್ದರು. ಆದರೆ ನಮ್ಮ ಸಿಪಾಯಿ ಆಟ ಬಂದರೆ ಮೇಲೆ ನೋಡುವವರೂ ಕೆಳಗೆ ನೋಡುತ್ತಿದ್ದರು. ನಾನು ಕೆಂಪು ಕೋಟಿನ ಸಿಪಾಯಿ, ಬಹದ್ದೂರನ ಬೆನ್ನ ಮೇಲೆ ನಿಂತು ಸುತ್ತು ಬರುತ್ತೇನೆ, ಬ್ಯಾಂಡು ಜೋರು, ಆಚೆಯಿಂದ ಬಂದೂಕು ಢಮ್, ಬ್ಯಾಂಡು ಬಂದ್, ಬಹದ್ದೂರ್ ಮಂಡಿಯೂರಿ ಬಲಮಗ್ಗುಲಿಗೆ ಬೀಳುತ್ತಾನೆ, ನಾನು ಉರುಳಿ, ಎದ್ದು, ಬಂದು ಅವನ ಕುತ್ತಿಗೆಯ ಮೇಲೆ ಕೆನ್ನೆಯಿಟ್ಟು ಅಳುತ್ತೇನೆ. ಗ್ಯಾಲರಿಯ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತುತ್ತಾರೆ. ನಾನು ಅಳುತ್ತ ಅವನ ಕಿವಿಯಲ್ಲಿ ಹೇಳುತ್ತಿದ್ದದ್ದು ಏನು ಗೊತ್ತೇ, ಏಳೋ ಕಳ್ಳಾ, ಬೆಲ್ಲ ಐತೆ! ಚಿಕ್ಕವಳಿದ್ದಾಗ ಕಲಿಸುವಾಗ ಬಾಯಿಗೆ ಬಂದದ್ದು ಹಾಗೇ ನಿಂತುಹೋಯಿತು. ಅಷ್ಟು ಹೇಳಿದರೆ ಏಳುತ್ತಾನೆ. ನಾನೇ ಹೇಳಬೇಕು. ಒಂದು ಕುದುರೆಗೆ ಒಂದೇ ದನಿ, ಅದು ಮಸ್ತಾನಸಾಬರ ಕಾನೂನು, ಸತ್ತ ಕುದುರೆ ಯಾರ ಮಾತಿಗೂ ಎದ್ದರೆ ಆಟ ಕೆಡುತ್ತದೆ, ಗ್ಯಾಲರಿಯಲ್ಲಿ ಯಾವನೋ ಪೋಕರಿ ಸಿಳ್ಳೆ ಹೊಡೆದರೂ ಎದ್ದುಬಿಡುತ್ತದೆ, ಅದಕ್ಕೇ ಮಾಲೀಕ ಕರೆದರೂ ಏಳಕೂಡದು, ಉಸ್ತಾದ್ ಕರೆದರೂ ಏಳಕೂಡದು. ನಾನು ಮದುವೆಯಾಗುತ್ತೇನೆ ಎಂದ ದಿನ ಮಸ್ತಾನಸಾಬ್ ಗಡ್ಡ ಕೆರೆದುಕೊಂಡು, ಹೋಗು ಮಗಾ, ಆ ಆಟ ಬಿಡಿಸಿಬಿಡ್ತೀನಿ, ಇನ್ನು ಅವಂಗೆ ಯಾರು ಗುಂಡು ಹೊಡೀತಾರೆ, ಆರಾಮಾಗಿ ಓಡ್ಕೊಂಡಿರ್ಲಿ ಎಂದರು. ಲಾರಿಯ ಟೈರಿನ ಯೋಚನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಇದೇ ಊರಿನ ಹೈಸ್ಕೂಲ್ ಮೈದಾನದಲ್ಲಿ ಡೇರೆ ಹಾಕಿದ್ದಾಗ ದಿನಾ ಒಂದೇ ಜಾಗದಲ್ಲಿ ಕೂತು ನೋಡುತ್ತಿದ್ದ ಮನುಷ್ಯ, ತಲೆಗೂದಲಲ್ಲಿ ಮಿಲ್ಲಿನ ಅರಳೆ, ಎಲ್ಲರೂ ಅಳುವಾಗ ಇವರೊಬ್ಬರು ನಗುತ್ತಿದ್ದರು. ಆಮೇಲೆ ಯಾಕೆ ಎಂದು ಕೇಳಿದರೆ, ನೀನು ಅಳುವಾಗ ನಿನ್ನ ತುಟಿ ನಗ್ತಿತ್ತು, ನನಗೆ ಕಾಣ್ತಿತ್ತು ಎಂದರು. ಇಷ್ಟು ಸಾಕಲ್ಲ ಒಂದು ಹೆಣ್ಣಿಗೆ ಕಾಲು ಜಾರಲು, ರಾಳ ಹಚ್ಚಿದ್ದರೂ. ಕಂಪನಿ ಹರಿಹರಕ್ಕೆ ಹೋಯಿತು, ಹೊಳೆಯ ಮರಳಿನ ಪಕ್ಕ ಡೇರೆ ಎದ್ದಿತು, ಸಂಜೆ ರೈಲಿಗೆ ಇವರೂ ಬಂದರು. ಜನ ಮೊದಲ ಸಲ ಓಟು ಹಾಕಿದ ವರ್ಷ ಅದು, ಗೋಡೆ ತುಂಬ ಓಟಿನ ಪೋಸ್ಟರು, ಅದರ ಮೇಲೆ ನಮ್ಮದು, ಮಿಸ್ ರೋಸಿ ಅಂತ ನನ್ನ ಹೆಸರು, ಎಲ್ಲಿಯ ರೋಸಿ! ಹರಿಹರೇಶ್ವರನ ಗುಡಿಯಲ್ಲಿ ತಾಳಿ. ಮಾರನೇ ದಿನ ಬೆಳಕು ಹರಿಯುವಾಗ ಕಂಪನಿ ಹೊಳೆ ದಾಟಿತು, ಆನೆ ಕುದುರೆ ಒಂಟೆ ಎಲ್ಲ ಸೇತುವೆಯ ಮೇಲೆ ನಡೆದೇ ಹೋದವು ರಾಣೇಬೆನ್ನೂರಿನ ಕಡೆಗೆ, ನಾನು ಈಚೆ ದಡದಲ್ಲಿ ಅರಿಶಿನದ ಸೀರೆಯಲ್ಲಿ ನಿಂತಿದ್ದೆ, ಬಹದ್ದೂರ್ ಒಂದು ಸಲ ತಲೆ ತಿರುಗಿಸಿದ, ನನ್ನನ್ನು ನೋಡಲೋ ಹಿಂದೆ ಬರುತ್ತಿದ್ದ ಒಂಟೆಯನ್ನು ನೋಡಲೋ, ಒಂಟೆ ಕಂಡರೆ ಅವನಿಗೆ ಆಗದು. ನನ್ನನ್ನೇ ಎಂದುಕೊಂಡೆ. ಮನೆಗೆ ಬಂದಾಗ ಅತ್ತೆ ಕೊಟ್ರವ್ವ ಒಲೆಯ ಮುಂದೆ ಕೂರಿಸಿದರು. ನೋಡವ್ವ, ನನ್ನ ಮಗ ಹುಚ್ಚ, ತಂದ. ತಂದ ಮ್ಯಾಲೆ ನೀನು ನನ್ನ ಸೊಸಿ, ಅದರಾಗ ಎರಡು ಮಾತಿಲ್ಲ. ಆದ್ರ ಚಡ್ಡಿ ತೊಟ್ಟು ಕುದುರಿ ಮ್ಯಾಲೆ ಕುಣಿದ ಕತಿ ಈ ಹೊಸ್ತಿಲು ದಾಟಬಾರ್ದು. ಅದು ದಾಟಿದ ದಿನ ನೀನೂ ದಾಟು. ಒಲಿ ಮುಟ್ಟಿ ಆಣೆ ಮಾಡು. ಮಾಡಿದೆ. ಮುರಿದಿಲ್ಲ. ಅತ್ತೆಯೂ ಮಾತಿಗೆ ತಪ್ಪಿದವರಲ್ಲ, ನನ್ನ ಎರಡೂ ಬಾಣಂತನಕ್ಕೆ ಹೆತ್ತ ತಾಯಿಯ ಹಾಗೆ ನಿಂತರು, ಹರಿಹರದ ಕಡೆಯ ಅನಾಥ ಹುಡುಗಿ, ಗುಡಿಯಲ್ಲಿ ಸಿಕ್ಕಳು ಎಂದು ನೆಂಟರಿಗೆಲ್ಲ ತಾವೇ ಒಂದು ಪುರಾಣ ಹೇಳಿದರು. ಆ ಪುರಾಣದಲ್ಲಿ ನನಗೊಂದು ಮನೆ ಇದೆ. ಹೊರಗೆ ಏನಿದೆ, ಕಂಪನಿಯೂ ಇಲ್ಲ, ಮಸ್ತಾನಸಾಬರು ಎಲ್ಲಿ ಮಣ್ಣಾದರೋ.

ಕಮ್ಮಾರ ಕೆಂಚಣ್ಣನ ತಿದಿ ಬುಸುಗುಡುತ್ತಿದೆ. ಎದುರಿಗೇ ಕುಲುಮೆ, ಅದು ಬೇರೆ ಅನುಕೂಲ. ಬರೆ ಹಾಕೋಣ, ಗಾಳಿ ಬಡದೈತೆ, ಬರೆ ಹಾಕಿದ್ರ ಏಳ್ತದೆ. ಇದನ್ನು ಹೇಳುತ್ತಿರುವವನು ಯಾರೋ ದಾರಿಹೋಕ ಅಲ್ಲ, ಹಿದಾಯತನೇ, ಕಣ್ಣೊರೆಸಿಕೊಂಡು ಹೇಳುತ್ತಿದ್ದಾನೆ. ಹೋದ ಗಣಪತಿ ಹಬ್ಬದಾಗ ಪಟಾಕ್ಷಿ ಹೊಡದಾಗಲೂ ಹಿಂಗೇ ಬಿದ್ದಿತ್ರಿ, ಬರೆ ಹಾಕಿದ್ವಿ, ಫಟ್ಟಂತ ಎದ್ದು ನಿಂತಿತು. ಹರಿಹರದ ಹಳೇ ಜಟಕಾದವ ಮಾರುವಾಗ್ಲೇ ಹೇಳಿದ್ದ, ಇದಕ್ಕ ಗಾಳಿ ಐತೆ, ಬಿದ್ರ ಬರೆ, ಅದೊಂದೇ ದವಾ. ನಾನು ಕಣ್ಣನ್ನು ಕುದುರೆಯ ತೊಡೆಗೆ ತಿರುಗಿಸಿದೆ, ಅಲ್ಲಿಯವರೆಗೆ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. ಬಿಳಿ ರೋಮದ ನಡುವೆ ಕೂದಲಿಲ್ಲದ ಗೆರೆ. ಒಂದಲ್ಲ. ಒಂದರ ಪಕ್ಕ ಒಂದು, ಹಳೆಯದರ ಮೇಲೆ ಹೊಸದು, ತೊಡೆ ತುಂಬಿದ ಮೇಲೆ ಪಕ್ಕೆಗೂ ಬಂದಿವೆ. ಅಯ್ಯೋ. ಅಯ್ಯೋ ನನ್ನಪ್ಪ. ಅಷ್ಟೂ ಸಲ ಎಲ್ಲೆಲ್ಲೋ ಢಮ್ ಎಂದಿದೆ, ಮದುವೆಯ ದಿಬ್ಬಣದಲ್ಲಿ, ಕಲ್ಲು ಒಡೆಯುವಲ್ಲಿ, ಹೋದ ವರ್ಷ ಚೀನಾದ ಗಲಾಟೆಯಲ್ಲಿ ಹುಡುಗರು ಬೀದಿಬೀದಿಯಲ್ಲಿ ಪಟಾಕಿ ಸಿಡಿಸಿದರಲ್ಲ, ಅಷ್ಟೂ ಸಲ ಬಿದ್ದು, ಕಣ್ಣು ಮುಚ್ಚಿ, ಕೆನ್ನೆ ಬರಲಿ ಎಂದು ಕಾದಿದ್ದಾನೆ, ಕಿವಿಯಲ್ಲಿ ಮಾತು ಬರಲಿ ಎಂದು ಕಾದಿದ್ದಾನೆ, ಬಂದದ್ದು ಕಬ್ಬಿಣ. ಕಬ್ಬಿಣಕ್ಕೆ ಎದ್ದಿದ್ದಾನೆ, ಯಾರು ಏಳುವುದಿಲ್ಲ, ಹೆಣವೂ ಏಳುತ್ತದೆ. ಇವರು ದವಾ ಫಲಿಸಿತು ಎಂದುಕೊಂಡಿದ್ದಾರೆ. ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಎನ್ನೋಣವೆಂದರೆ ಈ ಹಿದಾಯತನಿಗೆ ಇದು ಆಟವೂ ಅಲ್ಲ, ನೋಡು, ಹೆಂಡತಿ ಮಕ್ಕಳ ಹೊಟ್ಟೆ ಇದರ ಮೇಲಿದೆ, ಪ್ರೀತಿಯೂ ಇದೆ, ತನ್ನ ಅಂಗಿಯಿಂದ ಅದರ ಬಾಯಿಯ ಜೊಲ್ಲು ಒರೆಸುತ್ತಿದ್ದಾನೆ, ಪ್ರೀತಿಯಿಂದಲೇ ಸುಡುತ್ತಾನೆ. ಕೆಂಚಣ್ಣ, ಇನ್ನ ಸ್ವಲ್ಪ ಕೆಂಪಗಾಗ್ಲಿ ಎಂದ. ಆಗ ರೆಪ್ಪೆ ಮತ್ತೆ ಅಲುಗಿತು, ಈ ಸಲ ನನ್ನ ಕಡೆಗೇ, ನನ್ನ ಕಡೆಗೇ ಎಂದು ನನಗೆ ಅನಿಸಿತು, ಅಥವಾ ನನ್ನ ಆಸೆ.

ಅತ್ತೆ, ಒಂದು ನಿಮಿಷ. ಎಲ್ಲಿಗೆ ಹೊಂಟೀ? ಪಾಪ ಅತ್ತೆ, ಮೂಕಪ್ರಾಣಿ, ನನಗೊಂದು ಮಂತ್ರ ಬರ್ತದೆ. ಮಂತ್ರ! ನಿನಗ? ಅತ್ತೆಯ ಕಣ್ಣು ಕಿರಿದಾಯಿತು, ಕೈ ಬಿಗಿಯಾಯಿತು, ಅವರಿಗೆ ಗೊತ್ತಾಯಿತು, ಕೊಟ್ರವ್ವನಿಗೆ ಯಾವುದು ತಾನೆ ಗೊತ್ತಾಗುವುದಿಲ್ಲ. ಕಿವಿಯ ಹತ್ತಿರ ಬಾಯಿ ತಂದು, ಅಂಜಿನೀ, ಆಣೆ ಮರೀಬ್ಯಾಡ ಎಂದರು. ಮರೆತಿಲ್ಲ ಅತ್ತೆ, ಬಾಯಲ್ಲಿ ಸರ್ಕಸ್ಸಿನ ಮಾತು ಬರುವುದಿಲ್ಲ, ಬೆಲ್ಲ ಅಂತ ಒಂದು ಮಾತು, ಕುದುರೆಯ ಕಿವಿಗೆ ಮಾತ್ರ, ಊರಿಗೆ ಮಂತ್ರ ಎಂದೇ ಕಾಣುತ್ತದೆ, ನಿಮ್ಮ ಹೊಸ್ತಿಲು ನೆಟ್ಟಗೆ ಇರುತ್ತದೆ, ನನ್ನ ಬಹದ್ದೂರನ ಚರ್ಮವೂ ಉಳಿಯುತ್ತದೆ, ಎರಡೂ ಉಳಿಯುತ್ತವೆ, ಯಾಕೆ ಉಳಿಯಬಾರದು — ಇದನ್ನೆಲ್ಲ ಹೇಳಿದೆನೋ ಅಂದುಕೊಂಡೆನೋ, ಕೈ ಬಿಡಿಸಿಕೊಂಡು ಬಂದುಬಿಟ್ಟಿದ್ದೇನೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಸರೀರಿ, ಹೆಣ್ಮಗಳು ಮಂತ್ರ ಹಾಕ್ತಾರಂತೆ, ದಾರಿ ಬಿಡ್ರಿ. ಹಿದಾಯತ್ ಕೈಮುಗಿದ, ನೋಡವ್ವ, ನಿನ್ನ ಕೈಗುಣ. ಕೂತೆ. ಬಗ್ಗಿದೆ. ಕುತ್ತಿಗೆಯ ಮೇಲೆ ಕೆನ್ನೆಯಿಟ್ಟೆ. ಅದೇ ಬಿಸಿ. ಬೆವರು, ಹುಲ್ಲು, ಧೂಳು, ರಾಳ ಇಲ್ಲ, ಆದರೂ ಅದೇ ವಾಸನೆ, ನನ್ನ ಹನ್ನೆರಡರ ವಯಸ್ಸಿನ ವಾಸನೆ, ಚರ್ಮದ ಕೆಳಗೆ ಒಂದು ನರ ಟಪ ಟಪ ಎನ್ನುತ್ತಿದೆ, ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆ ಇವನ ಎದೆ, ಕಬ್ಬಿಣ ಬರುವುದು ಅವನಿಗೆ ಗೊತ್ತು, ಗೊತ್ತಿದ್ದೂ ಅಲ್ಲಾಡದೆ ಬಿದ್ದಿದ್ದಾನೆ, ಯಾಕೆಂದರೆ ಆಟ ಮುಗಿದಿಲ್ಲ. ಈಗ ಅಳು ನಟನೆಯದ್ದಲ್ಲ. ಕೆನ್ನೆ ತೆಗೆಯಲು ಮನಸ್ಸೇ ಬಾರದು, ಇಲ್ಲೇ ಇದ್ದುಬಿಡಲೇ, ಎಷ್ಟು ವರ್ಷ ಕಣೋ, ಎಷ್ಟು ಕಿಟಕಿ, ಎಷ್ಟು ಮುಖ, ನೀನು ಇದೇ ಊರಿನಲ್ಲಿದ್ದೆಯಾ, ನಮ್ಮ ಬೀದಿಯಲ್ಲೇ ಹೋಗಿದ್ದೆಯಾ. ಬ್ಯಾಗ ಬ್ಯಾಗ ಎನ್ನುತ್ತಿದ್ದಾರೆ ಜನ. ಕಿವಿಗೆ ಬಾಯಿಟ್ಟೆ. ಚೀಲದಲ್ಲಿ ಮೆಣಸಿನಕಾಯಿ ಬಿಟ್ಟರೆ ಏನೂ ಇಲ್ಲ. ಏಳೋ ಕಳ್ಳಾ, ಬೆಲ್ಲ ಐತೆ.

ಎದ್ದ. ಒಂದೇ ಏಟಿಗೆ ಅಲ್ಲ, ಮುಂಗಾಲು ಊರಿ, ಜಾರಿ, ಮತ್ತೆ ಊರಿ, ಮುದುಕ ಎದ್ದ ಹಾಗೆ, ಆದರೆ ಎದ್ದ, ಮೈ ಕೊಡವಿದ, ಧೂಳು ಹಾರಿತು, ಜನ ಹೋ ಎಂದರು, ಹಿದಾಯತ್ ಅವನ ಕುತ್ತಿಗೆ ತಬ್ಬಿಕೊಂಡು ಯಾ ಅಲ್ಲಾ ಯಾ ಅಲ್ಲಾ ಎನ್ನುತ್ತ ನಗುತ್ತಾನೆ ಅಳುತ್ತಾನೆ, ಕೆಂಚಣ್ಣ ಕಬ್ಬಿಣ ಹಿಡಿದವನು ಹಾಗೇ ಬಾಯಿ ತೆರೆದು ನಿಂತಿದ್ದಾನೆ. ಮಂತ್ರ ಅಂದ್ರ ಮಂತ್ರ! ಮುಗಿಯಿತು, ಎರಡೂ ಉಳಿದವು, ಹೇಳಿದೆನಲ್ಲ ಅತ್ತೆ, ಬಂದೆ, ಮೆಣಸಿನಕಾಯಿ ಆರಿಸೋಣ ನಡೀರಿ — ಹಿಂದೆ ಜನ ಮತ್ತೆ ಕೂಗಿದರು. ತಿರುಗಿದೆ. ಬಹದ್ದೂರ್ ಎಡಗಾಲು ಮುಂದೆ ಚಾಚಿ, ಬಲಗಾಲು ಮಡಿಸಿ, ತಲೆ ಬಗ್ಗಿಸಿದ್ದಾನೆ. ಅಯ್ಯೋ ದೇವರೇ, ಇದೊಂದು ನನಗೆ ಮರೆತೇಹೋಗಿತ್ತು, ಎದ್ದರೆ ಆಟ ಮುಗಿಯುವುದಿಲ್ಲ, ಸಿಪಾಯಿ ಆ ಮಡಿಸಿದ ಕಾಲ ಮೇಲೆ ಕಾಲಿಟ್ಟು ಬೆನ್ನೇರಬೇಕು, ಏರಿ ನಿಂತು ಹೊರಗೆ ಹೋಗಬೇಕು, ಅಲ್ಲಿಯವರೆಗೆ ಅವನು ಹಾಗೇ ಇರುತ್ತಾನೆ. ಮತ್ತೆ ಬೀಳಾಕ ಹತ್ತೈತಲ್ರೋ ಎಂದು ಚೀರಿದ ಹಿದಾಯತ್, ಕೆಂಚಣ್ಣಾ, ಬಾ, ಕಾವು ಆರೋದ್ರಾಗ ಬಾ! ಕೆಂಚಣ್ಣ ಬರುತ್ತಿದ್ದಾನೆ. ಬೀಳ್ತಿಲ್ಲ ಕಣ್ರೀ, ಅವನು ಕಾಯ್ತಿದಾನೆ ಎಂದೆ, ಯಾರಿಗೂ ಕೇಳಲಿಲ್ಲ, ಯಾರಿಗೆ ಅರ್ಥವಾದೀತು. ಅಂಜಿನೀ, ಇತ್ಲಾಗ ಬಾ, ಅತ್ತೆಯ ದನಿ, ಜೋರಿಲ್ಲ, ಸಿಟ್ಟಿಲ್ಲ, ಬೇಡಿಕೊಳ್ಳುವ ದನಿ, ಕೊಟ್ರವ್ವ ಯಾರನ್ನೂ ಬೇಡಿದವರಲ್ಲ. ಮಡಿಸಿದ ಕಾಲು. ಬೆನ್ನು ನನ್ನ ಎತ್ತರಕ್ಕೆ ಬಗ್ಗಿದೆ. ಮಡಿಸಿದ ಕಾಲು ನಡುಗುತ್ತಿದೆ, ವಯಸ್ಸಾಗಿದೆ ಅವನಿಗೆ, ಹೆಚ್ಚು ಹೊತ್ತು ಹಿಡಿಯಲಾರ, ಆದರೂ ಹಿಡಿದಿದ್ದಾನೆ, ಬಾ ಅಂಜಿನೀ, ಬಾ ಮನೀಗೆ ಹೋಗೋಣ, ಕೆಂಪಗಿನ ಕಬ್ಬಿಣ, ಮಡಿಸಿದ ಕಾಲು, ಚಪ್ಪಲಿ ಬಿಟ್ಟೆ, ನೆಲ ಸುಡುತ್ತಿದೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ, ಮಡಿಸಿದ ಕಾಲು, ಮಡಿಸಿದ ಕಾಲು